ಎಂಟು ಎಣಿಕೆಯ ಹಕ್ಕಿ

ಇವತ್ತು ಸಿಕ್ಕಿಬೀಳುತ್ತೇನೋ ಏನೋ. ಮೂರು ತಿಂಗಳು ಬರೀ ಬಾಯಿ ಆಡಿಸಿದವನಿಗೆ ಇನ್ನೊಂದು ದಿನ ಆಡಿಸುವುದು ಅಷ್ಟು ಕಷ್ಟವೇ? ಗಡಿಯಾರ ರಿಪೇರಿಯವನು ಸಭಾಭವನದ ಮೆಟ್ಟಿಲು ಹತ್ತುತ್ತ ಯೋಚಿಸಿದ.

ಬೀದಿಯವರೆಲ್ಲ ಸೇರಿ ವಸಂತದ ಮೇಲೊಂದು ವೃಂದಗಾನ ಕಲಿಯುತ್ತಿದ್ದರು. ಚಿಗುರು, ತೊರೆ, ದುಂಬಿ, ಹಕ್ಕಿ ಎಲ್ಲವೂ ಅದರಲ್ಲಿದ್ದವು. ಅವನ ಹೆಸರನ್ನೂ ಸೇರಿಸಿ ಬರೆಸಿದವಳು ಹೆಂಡತಿ. ಮೊದಲ ದಿನ ಅವನು ಬಾಯಿ ತೆರೆದದ್ದೇ ತಡ, ಪಕ್ಕದಲ್ಲಿದ್ದ ಬೇಕರಿಯವರು, "ಯಾರ್ರೀ ಅದು ಬೆಂಚು ಎಳೀತಿರೋದು?" ಅಂದಿದ್ದರು. ಅಂದಿನಿಂದ ಅವನು ದಡಕ್ಕೆ ಬಿದ್ದ ಮೀನಿನಂತೆ ತುಟಿ ಮಾತ್ರ ಆಡಿಸುತ್ತಿದ್ದ. ಮುಂದಿನ ಸಾಲಿನಲ್ಲಿ ಹಾಡುವ ಹೆಂಡತಿಗೆ ಇದು ಗೊತ್ತಿರಲಿಲ್ಲ. "ಹಿಂದಿನಿಂದ ನಿಮ್ಮ ದನಿ ಬರ್ತಿದ್ರೆ ನಂಗೆ ಧೈರ್ಯ ಕಣ್ರೀ," ಎನ್ನುತ್ತಿದ್ದಳು. ಸಂಜೆಯ ಕಾರ್ಯಕ್ರಮಕ್ಕೆ ತನ್ನ ಅಪ್ಪನನ್ನೂ ಕರೆಸಿದ್ದಳು. ಅವಳ ಮುಂದೆ ಬಣ್ಣ ಬಯಲಾಗದಿದ್ದರೆ ಅವನಿಗೆ ಸಾಕಿತ್ತು.

ಬೆಳಗಿನ ಕಡೆಯ ತಾಲೀಮಿನಲ್ಲಿ, ಹಾಡು ಬರೆದು ಕಲಿಸುತ್ತಿದ್ದ ಟೀಚರು ಕೈ ಎತ್ತಿ ನಿಲ್ಲಿಸಿದರು.

"ಹಿಂದಿನ ಸಾಲಲ್ಲಿ ಯಾರೋ ಶ್ರುತಿ ತಪ್ತಿದ್ದೀರಿ. ಒಬ್ಬೊಬ್ಬರಾಗಿ ಆಚೆ ನಿಂತ್ಕೊಳ್ಳಿ, ಉಳಿದವರು ಹಾಡಿ. ಯಾರು ಹೋದಾಗ ಸರಿಹೋಗತ್ತೋ ನೋಡೇಬಿಡ್ತೀನಿ."

ಬೇಕರಿಯವರು ಆಚೆ ನಿಂತರು. ಹಾಡು ಎಷ್ಟೋ ನೆಟ್ಟಗಾಯಿತು. ಅವರು ವಾಪಸು ಬಂದ ಮೇಲೆ ಹಲ್ಲಿನ ಡಾಕ್ಟರು ಆಚೆ ನಿಂತರು. ಇನ್ನೂ ನೆಟ್ಟಗಾಯಿತು. "ನಂದು ಬಾಯಿ ತೆರೆಸೋ ಕೆಲಸ, ತೆರೆಯೋದಲ್ಲ," ಎಂದು ಡಾಕ್ಟರು ಗೊಣಗಿದರು.

ಅವನ ಸರದಿ ಬಂತು. ಅವನು ಆಚೆ ನಿಂತರೂ ಹಾಡು ಮೊದಲಿನಷ್ಟೇ ಸೊಟ್ಟಗೆ ಸಾಗಿತು.

"ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ," ಎಂದರು ಟೀಚರು. "ಅಂದ್ರೆ ಶ್ರುತಿ ತಪ್ಪದೆ ಹಾಡೋರು ಇವರೊಬ್ಬರೇ. ನಡುವೆ ಬರೋ ಹಕ್ಕಿಯ ಕೂಗನ್ನ ಇವರೊಬ್ಬರೇ ಹಾಡ್ಲಿ. ಎಂಟು ಎಣಿಕೆ, ಅಷ್ಟೇ."

"ಟೀಚರ್, ನಂಗೆ ಗಂಟಲು..."

"ಸಂಕೋಚ ಅವರಿಗೆ," ಹೆಂಡತಿ ಹೆಮ್ಮೆಯಿಂದ ತಿರುಗಿದಳು. "ಹಾಡ್ತಾರೆ, ಬಿಡಿ."

ಮಧ್ಯಾಹ್ನ ಅವನು ಅಂಗಡಿಯ ಬಾಗಿಲು ಹಾಕಿಕೊಂಡು ಒಮ್ಮೆ ಹಕ್ಕಿಯಂತೆ ಕೂಗಿ ನೋಡಿದ. ಪಕ್ಕದ ದರ್ಜಿ ಓಡಿಬಂದು ಬಾಗಿಲು ಬಡಿದ. "ಏನಣ್ಣ, ಬೆರಳು ಸಿಕ್ಕಾಕ್ಕೊಂಡ್ತಾ?"

ಸಂಜೆ ಭವನ ತುಂಬಿತ್ತು. ವೇದಿಕೆಯ ಮೇಲೆ ತೊರೆ ಹರಿಯಿತು, ಚಿಗುರು ಒಡೆಯಿತು. ಟೀಚರು ಅವನತ್ತ ಬೆರಳು ತೋರಿಸಿದರು. ಅವನು ಬಾಯಿ ತೆರೆದ. ದನಿ ಬರಲಿಲ್ಲ. ಒಂದು, ಎರಡು, ಮೂರು... ಎಂಟು ಎಣಿಕೆಗಳೂ ಹಾಗೇ ಕಳೆದುಹೋದವು. ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದರು. ಆಮೇಲೆ ವೃಂದವೆಲ್ಲ ಒಮ್ಮೆಲೇ ಹಾಡಿಗಿಳಿಯಿತು. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಹಾಡಿನ ನಡುವೆ ಆ ಮೌನ ಇತ್ತಲ್ಲ ಅಳಿಯಂದ್ರೇ, ನಂಗೆ ಕಣ್ಣಲ್ಲಿ ನೀರು ಬಂತು," ಎಂದರು ಮಾವ.

ಟೀಚರು ಅವನ ಕೈ ಹಿಡಿದುಕೊಂಡರು. "ನಾನು ಬರೆದದ್ದಕ್ಕಿಂತ ನೀವು ಮಾಡಿದ್ದೇ ಚೆನ್ನಾಗಿತ್ತು. ಬರೋ ವರ್ಷ ನಿಮ್ಮೊಬ್ಬರಿಗೇ ಅರ್ಧ ಗಂಟೆ ಇಡ್ತೀನಿ. ಆದ್ರೆ ಅದನ್ನ ದನಿ ಎತ್ತಿ ಹಾಡ್ಬೇಕು."

"ನಂಗೂ ಒಂದು ಮಾತು ಹೇಳದೆ ಇಷ್ಟೆಲ್ಲ ಯೋಚಿಸಿಟ್ಟಿದ್ರಲ್ಲ," ಎಂದಳು ಹೆಂಡತಿ, ಮನೆಗೆ ನಡೆಯುತ್ತ.

ಅವನು ನಕ್ಕ. ಹೆದರಿಕೆಗೆ ದನಿಯೇ ಹೊರಡಲಿಲ್ಲ ಎಂದು ಅವಳಿಗೆ ಹೇಳಲೇ ಇಲ್ಲ.