ರೇವಣಸಿದ್ದಪ್ಪನ ಡೈವರ್ಸ್

ಆನ್ಸರಿಂಗ್ ಮಷೀನಿಗೆ ಮಾತಾಡುವಾಗ ರೇವಣಸಿದ್ದಪ್ಪನಿಗೆ ಯಾವಾಗಲೂ ಗಡಿಬಿಡಿ. ಬೀಪ್ ಅಂದ ಅರ್ಧ ನಿಮಿಷದಲ್ಲಿ ಎಲ್ಲವನ್ನೂ ಹೇಳಿ ಮುಗಿಸುವ ಅವಸರದಲ್ಲಿ ಮುಖ್ಯವಾದದ್ದನ್ನೇ ನುಂಗಿಬಿಡುತ್ತಿದ್ದ. ಆ ಗುರುವಾರ ಬೆಳಿಗ್ಗೆ ಕರ್ನಿ ಮೆಸಾದ ತನ್ನ ಆಫೀಸಿನಿಂದ, ಎರಡು ಗಂಟೆ ದಾರಿಯ ಆರ್ಟೀಸಿಯಾದಲ್ಲಿದ್ದ ಗೆಳೆಯ ವೀರಭದ್ರಪ್ಪನವರ ಮನೆಗೆ ಫೋನ್ ಮಾಡಿದಾಗ ಅವನು ನುಂಗಿದ್ದು ಒಂದೇ ಮಾತು: ಕೆರಿಬಿಯನ್ ಪ್ರವಾಸ.

“ವೀರಭದ್ರಪ್ಪನವರ, ನಾ ರೇವಣಸಿದ್ದ. ನಂದು ಡೈವರ್ಸ್ ಅಂತ ಬರಸಾಕತ್ತೇನ್ರಿ. ಇಂದಿರಾ ಒಲ್ಲೆ ಅಂದಾಳ. ಮಕ್ಕಳು ಆಕಿ ಕಡೆ. ನಿಮ್ಮದು ಡೈವರ್ಸೋ ನಾನ್-ಡೈವರ್ಸೋ ಸಂಜಿ ಐದರೊಳಗ ತಿಳಸ್ರಿ. ಇಬ್ಬರೂ ಕೂಡಿ ಮಾಡಿದ್ರ ಹತ್ತು ಪರ್ಸೆಂಟ್ ಕಡಿಮಿ ಐತಿ.”

ವಿಷಯ ಇಷ್ಟೆ. ಎರಡೂ ಮನೆಯವರು ಡಿಸೆಂಬರಿನಲ್ಲಿ ಬೋನೇರ್ ದ್ವೀಪಕ್ಕೆ ಹೋಗುವ ಯೋಜನೆಯಿತ್ತು. ಟ್ರಾವೆಲ್ ಏಜೆಂಟ್ ಕಳಿಸಿದ ಫಾರಮ್ಮಿನಲ್ಲಿ ಎರಡು ಪಟ್ಟಿ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಡಿ ಇಳಿಯುವವರು ಡೈವರ್ಸ್. ದಂಡೆಯ ಮೇಲೆ ಛತ್ರಿಯಡಿ ಕುಳಿತು ಚುರುಮುರಿ ತಿನ್ನುವವರು ನಾನ್-ಡೈವರ್ಸ್. ಮುಳುಗುವವರ ದೋಣಿಯಲ್ಲಿ ಎರಡೇ ಜಾಗ ಉಳಿದಿದ್ದವು, ಅವೂ ಸಂಜೆ ಐದರವರೆಗೆ ಮಾತ್ರ.

ಅದರಲ್ಲೊಂದು ರೇವಣಸಿದ್ದಪ್ಪನಿಗೆ ಬೇಕೇ ಬೇಕಿತ್ತು. ಮೀನು ನೋಡುವ ಆಸೆಗಲ್ಲ. ಆಫೀಸಿನಲ್ಲಿ ಮ್ಯಾನೇಜರ್ ಮಾತಾಡುತ್ತಿದ್ದ, ಮನೆಯಲ್ಲಿ ಆರು ತಿಂಗಳಿಗೆಂದು ಬಂದಿದ್ದ ಅತ್ತೆ ಪ್ರೇಮವ್ವ ಮಾತಾಡುತ್ತಿದ್ದರು. ನೀರಿನ ಕೆಳಗೆ ಮಾತ್ರ ಪ್ರತಿಯೊಬ್ಬರ ಬಾಯಲ್ಲೂ ಕೊಳವೆ. ಅಲ್ಲಿ ನಲವತ್ತು ನಿಮಿಷ ಯಾರೂ ಅವನನ್ನು ಏನೂ ಕೇಳುವಂತಿರಲಿಲ್ಲ. ಆ ನಲವತ್ತು ನಿಮಿಷಕ್ಕಾಗಿ ಅವನು ಮೂರು ವರ್ಷ ಕಾದಿದ್ದ.

ಮಷೀನಿನ ಗುಂಡಿ ಒತ್ತಿದ್ದು ವೀರಭದ್ರಪ್ಪನವರ ಹೆಂಡತಿ ಗುರುಶಾಂತವ್ವ. ಅವರ ಬಾಯಲ್ಲಿ ಗಂಡ ಹೆಂಡತಿ ಕೋರ್ಟಿಗೆ ಹೋಗಿ ಬೇರೆಯಾಗುವುದಕ್ಕೆ ಮೊದಲಿನಿಂದಲೂ ‘ಡೈವರ್ಸ್’ ಎಂದೇ ಹೆಸರು. ಲಟ್ಟಣಿಗೆ ಹಿಡಿದುಕೊಂಡೇ ಎರಡು ಸಲ ಕೇಳಿದರು. ರೇವಣಸಿದ್ದಪ್ಪ ಕೆಟ್ಟಿದ್ದು ಒಂದು ಸಂಕಟವಾದರೆ, ಹತ್ತು ಪರ್ಸೆಂಟಿನ ಆಸೆ ತೋರಿಸಿ ತಮ್ಮ ಗಂಡನನ್ನೂ ಕರೆದದ್ದು ಇನ್ನೂ ದೊಡ್ಡ ಸಂಕಟ.

ಮೊದಲು ಪ್ರೇಮವ್ವನಿಗೆ ಫೋನ್ ಹೋಯಿತು. “ಯಕ್ಕಾ, ನಿಮ್ಮ ಅಳಿಯ ಡೈವರ್ಸ್ ಬರಸಾಕತ್ತಾರಂತ. ಐದು ಗಂಟೆಕ್ಕ ಮುಗೀತದಂತ.”

“ಮುಂಜಾನೆ ಎರಡು ಸರ್ತಿ ಉಪ್ಪಿಟ್ಟು ಹಾಕಿಸಿಕೊಂಡು ಹೋಗ್ಯಾನಲ್ಲವಾ,” ಎಂದು ಪ್ರೇಮವ್ವ ಕುಸಿದು ಕೂತರು. ಮಗಳು ಇಂದಿರಾ ಕಾರ್ಲ್ಸ್‌ಬಾಡಿನ ಲ್ಯಾಬಿನಲ್ಲಿದ್ದಳು. ಅಲ್ಲಿ ಸಂಜೆವರೆಗೂ ಫೋನ್ ಮುಟ್ಟುವಂತಿಲ್ಲ.

ಎರಡನೇ ಫೋನ್ ರೇವಣಸಿದ್ದಪ್ಪನ ಆಫೀಸಿನಲ್ಲೇ ಕೆಲಸ ಮಾಡುವ, ತುಮಕೂರು ಕಡೆಯ ಶಿವಲಿಂಗಯ್ಯನವರಿಗೆ. ಅವರು ಬಂದು ರೇವಣಸಿದ್ದಪ್ಪನ ಹೆಗಲ ಮೇಲೆ ಕೈಯಿಟ್ಟರು. “ಬನ್ನಿ, ಊಟಕ್ಕೆ ಹೋಗೋಣ. ನಾನೇ ಕೊಡಿಸ್ತೀನಿ.” ಹನ್ನೊಂದು ವರ್ಷದಲ್ಲಿ ಒಂದು ಕಾಫಿಯನ್ನೂ ಕೊಡಿಸದ ಮನುಷ್ಯ. ಆಗಲೇ ಇವನಿಗೆ ಅನುಮಾನ ಬರಬೇಕಿತ್ತು.

ಹತ್ತಿರದ ಹೋಟೆಲಿನಲ್ಲಿ ವೀರಭದ್ರಪ್ಪ ದಂಪತಿ ಆಗಲೇ ಕೂತಿದ್ದರು. ರಾಜಿ ಮಾಡಿಸಲು ಬರಿಗೈಯಲ್ಲಿ ಹೋಗಬಾರದೆಂದು ಗುರುಶಾಂತವ್ವ ದಾರಿಯಲ್ಲಿ ಪೇಡೆ ಕೊಂಡಿದ್ದರು. ಪ್ರವಾಸದ ಹುರುಪಿನಲ್ಲೇ ಇವರು ಎರಡು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದಾರೆಂದು ರೇವಣಸಿದ್ದಪ್ಪನಿಗೆ ಕಣ್ಣು ತುಂಬಿ ಬಂತು. ಆ ಕಣ್ಣೀರನ್ನು ಉಳಿದ ಮೂವರೂ ಪಶ್ಚಾತ್ತಾಪವೆಂದು ತಿಳಿದರು.

“ಎಷ್ಟು ದಿವಸದಿಂದ ಇತ್ತು ಇದು ಮನಸ್ಸಿನ್ಯಾಗ?” ಗುರುಶಾಂತವ್ವ ಮೆಲ್ಲಗೆ ಕೇಳಿದರು.

“ಮೂರು ವರ್ಷ ಆತ್ರಿ. ಕ್ಲಾಸಿಗೆ ಹೋಗಿ ಸರ್ಟಿಫಿಕೇಟೂ ತಗೊಂಡೇನಿ.”

“ಇದಕ್ಕ ಕ್ಲಾಸ್ ಬ್ಯಾರೆ ಅದಾವನು? ಇಂದಿರಾಗ ಗೊತ್ತದನು?”

“ಆಕೀನ ಫೀ ಕಟ್ಟಿದ್ಲಲ್ರಿ. ನನ್ನ ಪಾಡಿಗೆ ನನ್ನ ಬಿಡು, ಮಕ್ಕಳನ್ನ ನಾ ನೋಡ್ಕೋತೇನಿ ಅಂದಾಳ.”

“ನಿಮಗಾದ್ರೂ ಸಿಗೋದೇನು ಇದರಾಗ?”

“ಶಾಂತಿ ರೀ. ಅಲ್ಲಿ ಯಾರೂ ಮಾತಾಡಂಗಿಲ್ಲ.”

ಶಿವಲಿಂಗಯ್ಯನವರು ದೊಡ್ಡ ಉಸಿರು ಬಿಟ್ಟರು. “ಇಪ್ಪತ್ತು ವರ್ಷದ ಹಿಂದೆ ನನಗೂ ಯಾರಾದ್ರೂ ಇದನ್ನ ಹೇಳಿದ್ದಿದ್ರೆ,” ಎಂದವರು ಗುರುಶಾಂತವ್ವನ ಮುಖ ನೋಡಿ ನೀರಿನ ಲೋಟ ಎತ್ತಿಕೊಂಡರು.

“ಮುಂದ ಒಬ್ಬರ ಇರ್ತೀರೇನು?” ವೀರಭದ್ರಪ್ಪ ಕೇಳಿದರು.

“ಒಬ್ಬರ ಹೋಗಂಗಿಲ್ರಿ, ಜೋಡಿ ಇರಾಕ ಬೇಕು. ಅಲ್ಲೇ ಯಾರನ್ನರ ಗಂಟು ಹಾಕ್ತಾರ. ಕ್ಲಾಸಿನ್ಯಾಗ ಒಬ್ಬಾಕಿ ಸ್ವೀಡನ್ ಹುಡುಗಿ ಸಿಕ್ಕಿದ್ಲು, ಭಾಳ ಛಲೋ. ಕೈ ಸನ್ನೀ ಮ್ಯಾಲೇ ಎಲ್ಲಾ ತಿಳಕೋತಿದ್ಲು.”

ಪೇಡೆಯ ಡಬ್ಬಿ ಸಾಂಬಾರಿನಲ್ಲಿ ಬಿತ್ತು. ಗುರುಶಾಂತವ್ವ ಎದ್ದು ನಿಂತು, ಇಂಥ ಮನುಷ್ಯನ ಜೊತೆ ತಾವು ಬೋನೇರಿಗಲ್ಲ, ಪಾರ್ಕಿಂಗ್ ಲಾಟಿನವರೆಗೂ ಬರುವುದಿಲ್ಲವೆಂದು ಸಾರಿದರು. ಬೋನೇರ್ ಎಂಬ ಹೆಸರು ಕೇಳಿಯೇ ರೇವಣಸಿದ್ದಪ್ಪನಿಗೆ ಏನೋ ತಪ್ಪಿದೆ ಎಂದು ಹೊಳೆದದ್ದು. ಟಿಶ್ಯೂ ಪೇಪರಿನ ಮೇಲೆ ಸಮುದ್ರ, ಸಿಲಿಂಡರ್, ತನ್ನನ್ನು ಮತ್ತು ಒಂದು ಮೀನನ್ನು ಬರೆದು ತೋರಿಸಿದ. ಅದು ಅರ್ಥವಾಗುವುದಕ್ಕೆ ಐದು ನಿಮಿಷ ಹಿಡಿಯಿತು. ಅದು ಸ್ವೀಡನ್ನಿನವಳಲ್ಲ, ಮೀನು ಎಂದು ಬೇರೆ ಬಿಡಿಸಿ ಹೇಳಬೇಕಾಯಿತು. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕು, ಸಾಂಬಾರಿನಲ್ಲಿ ನೆನೆಯದ ಪೇಡೆಗಳನ್ನು ಹಂಚಿಕೊಂಡರು.

“ನಮ್ಮದು ನಾನ್-ಡೈವರ್ಸ್ ಅಂತನ ಬರಸ್ರಿ, ಎರಡೂ ಅರ್ಥದಾಗ,” ಎಂದರು ವೀರಭದ್ರಪ್ಪ.

ರೇವಣಸಿದ್ದಪ್ಪ ಆಫೀಸಿಗೆ ಓಡಿ ಬಂದು ಟ್ರಾವೆಲ್ ಏಜೆಂಟ್ ಹೆಂಗಸಿಗೆ ಫೋನ್ ಮಾಡಿದಾಗ ಇನ್ನೂ ಮೂರು ಗಂಟೆ. ಗೆದ್ದೆ ಅಂದುಕೊಂಡ.

“ನಿಮ್ಮ ಬುಕಿಂಗ್ ಮಧ್ಯಾಹ್ನವೇ ಆಯಿತಲ್ಲ,” ಎಂದಳು ಅವಳು ಸಂತೋಷದಿಂದ. ಆಫೀಸಿನಲ್ಲಿ ಇವನು ಸಿಗದ್ದಕ್ಕೆ ಮನೆಗೆ ಫೋನ್ ಮಾಡಿದ್ದಳಂತೆ. ಡೈವರ್ಸ್ ಎಷ್ಟು ಜನ ಎಂದು ಕೇಳಿದ್ದೇ ತಡ, ಹಿರಿಯ ಹೆಂಗಸೊಬ್ಬರು, ‘ನೋ ಡೈವರ್ಸ್, ನೆವರ್, ಫ್ಯಾಮಿಲಿ ಟುಗೆದರ್’ ಎಂದು ಅತ್ತರಂತೆ. ಹಾಗಾದರೆ ಎಲ್ಲರೂ ನಾನ್-ಡೈವರ್ಸ್ ತಾನೆ ಎಂದರೆ ಹೌದು, ದೇವರು ನಿನಗೆ ಒಳ್ಳೆಯದು ಮಾಡಲಿ ಎಂದರಂತೆ. ಉಳಿದಿದ್ದ ಎರಡು ಜಾಗ ಬೇರೆಯವರಿಗೆ ಹೋಗಿದ್ದವು.

ಅವಳು ಕಳಿಸಿದ ಈಮೇಲ್ ತೆರೆದ. ಮುಳುಗುವವರು ಯಾರೂ ಇಲ್ಲ. ದಂಡೆಯವರ ಪಟ್ಟಿಯಲ್ಲಿ ಅವನ ಹೆಸರಿತ್ತು, ‘ಫ್ಯಾಮಿಲಿ ಟುಗೆದರ್’ ಎಂದಿದ್ದ ಪ್ರೇಮವ್ವನ ಹೆಸರೂ ಪಕ್ಕದಲ್ಲೇ ಹೊಸದಾಗಿ ಸೇರಿತ್ತು. ಕೊನೆಯಲ್ಲಿ ವಿಶೇಷ ಕೋರಿಕೆ ಎಂಬ ಜಾಗದಲ್ಲಿ, ಅತ್ತೆಯ ಅಳುವಿಗೆ ಕರಗಿದ ಏಜೆಂಟ್ ಹೋಟೆಲಿನವರಿಗೆ ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದಳು: ‘ಈ ಸಂಸಾರ ಕಷ್ಟದಲ್ಲಿದೆ. ದಯವಿಟ್ಟು ಯಜಮಾನರನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ. ಸದಾ ಯಾರಾದರೂ ಅವರನ್ನು ಮಾತಾಡಿಸುತ್ತಿರಿ.’