ಹದಿನೇಳನೆಯ ಪ್ರಶ್ನೆಗೆ ಹೆಂಡತಿ ಕೊಟ್ಟ ಅಂಕ

ಉಂಡ ಮನೆಯ ಅಡುಗೆಯನ್ನು ಆ ಮನೆಯ ಹೊಸ್ತಿಲು ದಾಟುವ ಮೊದಲೇ ಹಳಿದವರನ್ನು ನಾನಂತೂ ಕಂಡಿಲ್ಲ. ಸಾರಿಗೆ ಉಪ್ಪೇ ಬಿದ್ದಿರದಿರಲಿ, ಹೋಳಿಗೆ ಕೈಯಲ್ಲಿ ಹರಿಯದೆ ಹಟ ಹಿಡಿದಿರಲಿ, ಮನೆಯಾಕೆ ಬಾಗಿಲವರೆಗೆ ಬಂದು "ಊಟ ಹೇಗಿತ್ತು?" ಎಂದರೆ "ಬಹಳ ಚೆನ್ನಾಗಿತ್ತು, ಸ್ವಲ್ಪ ಹೆಚ್ಚೇ ಆಯಿತು" ಎಂದು ಹೊಟ್ಟೆ ಸವರಿಕೊಂಡು ಚಪ್ಪಲಿ ಹುಡುಕುತ್ತೇವೆ. ಉಪ್ಪಿನ ವಿಚಾರವೇನಿದ್ದರೂ ಕಾರು ಹತ್ತಿ, ಸೀಟ್‌ಬೆಲ್ಟ್ ಹಾಕಿಕೊಂಡು, ಟರ್ನ್‌ಪೈಕ್ ಹೆದ್ದಾರಿ ಮುಟ್ಟಿದ ಮೇಲೆ. ಇದನ್ನು ನಾನು ಸುಳ್ಳು ಎನ್ನುವುದಿಲ್ಲ, ಮರ್ಯಾದೆ ಎನ್ನುತ್ತೇನೆ. ಆದರೆ ಈ ಮರ್ಯಾದೆ ಕಳೆದ ವರ್ಷ ನನ್ನ ನೌಕರಿಗೂ ಸಂಸಾರಕ್ಕೂ ಒಟ್ಟಿಗೇ ಗಂಟು ಬಿತ್ತು.

ನಾನು ನ್ಯೂಜೆರ್ಸಿಯ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ರೋಗಿಗಳ ಮಾಹಿತಿಯನ್ನು ಅಚ್ಚುಕಟ್ಟು ಮಾಡುವವನು. ರೋಗಿಗಳನ್ನು ಕಣ್ಣಾರೆ ಕಾಣುವ ಪ್ರಸಂಗ ನನಗೆ ಬರುವುದಿಲ್ಲ, ಲಿಫ್ಟಿನಲ್ಲಿ ಬಿಟ್ಟರೆ. ಅಲ್ಲಿ ಹೆರಿಗೆಯಾದ ತಾಯಂದಿರಿಗೆ ಒಂದು ಪ್ರಶ್ನಾವಳಿ ಕೊಡುತ್ತಾರೆ. ನೋವು ಕಡಿಮೆ ಮಾಡಿದರೇ, ಗೌರವದಿಂದ ಮಾತಾಡಿಸಿದರೇ, ಮಗುವನ್ನು ಬೇಗ ಕೈಗೆ ಕೊಟ್ಟರೇ ಎಂದು ಇಪ್ಪತ್ತೆರಡು ಪ್ರಶ್ನೆ. ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಇದನ್ನು ಬೇರೆ ಬೇರೆ ಭಾಷೆಯ ತಾಯಂದಿರಿಗೆ ಹೊಂದಿಸಬೇಕೆಂದು ನಮ್ಮ ವಿಭಾಗ ನೋಡಿಕೊಳ್ಳುವ ಡಾಕ್ಟರಮ್ಮ ಹೊರಟರು. ಸಿಂಹಳ ನಿಮಾಲಿಯ ಪಾಲಿಗೆ ಬಂತು. ಆಕೆ ನನ್ನ ಪಕ್ಕದ ಮೇಜಿನವಳು, ಶ್ರೀಲಂಕಾದವಳು, ಎರಡು ಮಕ್ಕಳ ತಾಯಿ, ದಿಟ್ಟೆ. ಕನ್ನಡ ನನಗೆ ಬಂತು. ನನ್ನ ಅರ್ಹತೆಯೆಂದರೆ ಹಿಂದೊಮ್ಮೆ ಕನ್ನಡ ಕೂಟದ ಸ್ಮರಣ ಸಂಚಿಕೆಯನ್ನು ಸಂಪಾದಿಸಿದ್ದು. ಅದರಲ್ಲಿ ಮುಕ್ಕಾಲು ಪಾಲು ಮನೆ ಮಾರುವ ಏಜೆಂಟರ ಜಾಹೀರಾತುಗಳಿದ್ದವು. "ಹೆರಿಗೆಯ ಬಗ್ಗೆ ನನಗೇನು ಗೊತ್ತು ಡಾಕ್ಟರ್?" ಎಂದೆ. "ನಿನಗೆ ಮಗಳಿದ್ದಾಳಲ್ಲ, ನೀನೂ ಕೋಣೆಯಲ್ಲಿ ಇದ್ದೆ ತಾನೇ?" ಎಂದರು. ಇದ್ದೆ. ಅದೇ ತೊಂದರೆ.

ಯಾಕೆಂದರೆ ಹದಿನೇಳನೆಯ ಪ್ರಶ್ನೆ ಹೀಗಿತ್ತು: "ಹೆರಿಗೆಯ ವೇಳೆ ನಿಮ್ಮ ಜೊತೆಗಿದ್ದವರಿಂದ ನಿಮಗೆ ಸಹಾಯವಾಯಿತೇ?" ಅದನ್ನು ಓದಿದ ಕ್ಷಣ ನನ್ನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ನನ್ನ ಹೆಂಡತಿ ವತ್ಸಲಾ ಇದಕ್ಕೆ ಎಷ್ಟು ಅಂಕ ಕೊಡಬಹುದು? ಇಪ್ಪತ್ತಾರು ವರ್ಷ ನಾನು ಕೇಳದೆ ತಪ್ಪಿಸಿಕೊಂಡಿದ್ದ ಪ್ರಶ್ನೆಯನ್ನು ಈಗ ಸಂಬಳ ಕೊಟ್ಟು ನನ್ನ ಕೈಯಿಂದಲೇ ಬರೆಸುತ್ತಿದ್ದರು.

ಮಗಳು ಹುಟ್ಟುವ ಹೊತ್ತಿಗೆ ನಾವು ಜ್ಯಾಕ್ಸನ್ ಹೈಟ್ಸ್ ಬಡಾವಣೆಯಲ್ಲಿ ನಾಲ್ಕನೆಯ ಮಹಡಿಯ ಒಂದು ಕೋಣೆಯ ಮನೆಯಲ್ಲಿದ್ದೆವು. ಕಿಟಕಿ ತೆಗೆದರೆ ರೈಲಿನ ಸದ್ದು, ಮುಚ್ಚಿದರೆ ಕೆಳಗಿನ ಮನೆಯವರ ಒಗ್ಗರಣೆಯ ಘಾಟು. ವತ್ಸಲಾ ಧಾರವಾಡದಿಂದ ಬಂದು ವರ್ಷ ತುಂಬಿರಲಿಲ್ಲ. ಸಂಜೆ ಇಬ್ಬರೂ ನಮ್ಮ ದೇಶದವರ ಅಂಗಡಿಗಳಿರುವ ಎಪ್ಪತ್ತನಾಲ್ಕನೆಯ ಬೀದಿಗೆ ಹೋಗಿ, ಬಾಣಂತಿಗೆ ಬೇಕೆಂದು ಅಂಟು, ಒಣಕೊಬ್ಬರಿ, ಬೀಜ ತೆಗೆದ ಉತ್ತತ್ತಿಯನ್ನು ಒಂದೊಂದೇ ಪೊಟ್ಟಣ ತಂದಿಡುತ್ತಿದ್ದೆವು. ಸೀರೆ ಅಂಗಡಿಗಳ ಮುಂದೆ ಆಕೆ ನಿಂತುಬಿಡುತ್ತಿದ್ದಳು, ಕೊಳ್ಳುವುದಕ್ಕಲ್ಲ, ಕಾಲು ನೋಯುತ್ತಿದ್ದವು. ಆಮೇಲೆ ಅತ್ತೆ ಬಂದರು. ಅವರು ಬಾಣಂತಿಗೂ ಕೂಸಿಗೂ ನೀರು ಹಾಕಲು ನಿಂತರೆ ಇಡೀ ಕಟ್ಟಡದ ಬಿಸಿನೀರು ತೀರಿಹೋಗುತ್ತಿತ್ತು. ಒಂದು ದಿನ ಕೆಳಗಿನ ಮನೆಯ ಅಜ್ಜ ಸೋಪಿನ ನೊರೆಯ ತಲೆಯಲ್ಲೇ ಮೇಲೆ ಬಂದು ಬಾಗಿಲು ಬಡಿದ. ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಒಂದು ಅಂಟಿನ ಉಂಡೆ ಅವನ ಕೈಗಿಟ್ಟು ಬಾಗಿಲು ಹಾಕಿದರು. ಮರುದಿನದಿಂದ ಅವನು ಸ್ನಾನದ ಹೊತ್ತನ್ನೇ ಬದಲಾಯಿಸಿಕೊಂಡ, ಮತ್ತು ಉಂಡೆಗೆ ಬರತೊಡಗಿದ. ಆ ಮನೆಯನ್ನು ಈಗಲೂ ನೆನೆಯುತ್ತೇನೆ. ನಮ್ಮಲ್ಲಿ ಏನೂ ಇರಲಿಲ್ಲ, ಯಾವುದೂ ಸಾಲದು ಅನ್ನಿಸುತ್ತಲೂ ಇರಲಿಲ್ಲ.

ಆದರೆ ಅದೆಲ್ಲ ಹೆರಿಗೆಯ ನಂತರದ ಮಾತು. ಹೆರಿಗೆಯ ದಿನ ವತ್ಸಲಾಗೆ ಬರುತ್ತಿದ್ದ ಇಂಗ್ಲಿಷೆಲ್ಲ ನೋವಿನಲ್ಲಿ ಹಾರಿಹೋಗಿತ್ತು, ಹೀಗಾಗಿ ನಾನೇ ದುಭಾಷಿ. ನರ್ಸ್ ಬಂದು "ನೋವು ಒಂದರಿಂದ ಹತ್ತರಲ್ಲಿ ಎಷ್ಟು?" ಎಂದು ಕೇಳಿದಳು. ನಾನು ಕೇಳಿದೆ. ವತ್ಸಲಾ ಮಂಚದ ಕಂಬಿ ಹಿಡಿದು "ಜೀವಾ ಹೋಗ್ಲಿಕ್ಕತ್ತದರೀ" ಎಂದಳು. ನಾನು ನರ್ಸಿನ ಕಡೆ ತಿರುಗಿ, ನಸುನಕ್ಕು, "ನಾಲ್ಕು" ಎಂದೆ. ಯಾಕೆ ಹಾಗಂದೆನೋ ದೇವರಿಗೇ ಗೊತ್ತು. ಪರವೂರು, ಬಂದವಳು ಪಾಪ ಒಳ್ಳೆಯವಳು, ಬಾಯಿ ತೆರೆದ ಕೂಡಲೇ ಹತ್ತು ಅಂದರೆ ಏನು ತಿಳಿದಾಳು ಎಂಬ ಸಂಕೋಚ. ನರ್ಸ್ "ಹಾಗಾದರೆ ಇನ್ನೂ ಹೊತ್ತಿದೆ" ಎಂದು ಹೋದವಳು ಗಂಟೆಗಟ್ಟಲೆ ಬರಲಿಲ್ಲ. ಬಂದಾಗ ಬೆನ್ನಿಗೆ ಕೊಡುವ ನೋವಿನ ಇಂಜೆಕ್ಷನ್ನಿಗೆ ಸಮಯ ಮೀರಿತ್ತು. ಮಗಳು ಆರೋಗ್ಯವಾಗಿ ಹುಟ್ಟಿದಳು. ವತ್ಸಲಾ ಎಲ್ಲ ನೋವನ್ನೂ ತಿಂದು ಹೆತ್ತಳು. ನಾನು ಹೇಳಿದ ಆ ಅಂಕ ಅವಳಿಗೆ ಕೇಳಿಸಿತ್ತೋ ಇಲ್ಲವೋ ನನಗೆ ತಿಳಿಯದು, ಕೇಳುವ ಧೈರ್ಯವೂ ಬರಲಿಲ್ಲ.

ಇರಲಿ, ಪ್ರಶ್ನಾವಳಿಗೆ ಬರುತ್ತೇನೆ. ನಿಮಾಲಿ ತನ್ನ ಸಿಂಹಳ ಪ್ರತಿಯನ್ನು ಸ್ಟ್ಯಾಟನ್ ಐಲೆಂಡಿನಿಂದ ನಮ್ಮಲ್ಲಿಗೆ ಬಂದು ಹೆತ್ತಿದ್ದ ಕೆಲವು ತಾಯಂದಿರಿಗೆ ಕೊಟ್ಟು ನೋಡಿದಳು. ಎಲ್ಲರೂ ಎಲ್ಲಕ್ಕೂ ಐದು ಹಾಕಿದ್ದರು. ಡಾಕ್ಟರಮ್ಮ ಹಿಗ್ಗಿದರು. ಅಂಕಗಳ ಲೆಕ್ಕ ನೋಡುವ ಮನುಷ್ಯ ಮಾತ್ರ "ಒಂದೋ ನಮ್ಮ ಆಸ್ಪತ್ರೆ ಸ್ವರ್ಗ, ಇಲ್ಲವೋ ನಿಮ್ಮ ಫಾರಂ ಕೆಟ್ಟಿದೆ" ಎಂದು ವಾಪಸು ಮಾಡಿದ. ನಾನು ನಿಮಾಲಿಯ ಮುಂದೆ "ನಮ್ಮವರು ಹಾಗಲ್ಲ, ಇದ್ದದ್ದು ಇದ್ದಹಾಗೆ ಹೇಳುತ್ತಾರೆ" ಎಂದು ಕೊಚ್ಚಿಕೊಂಡು ಕನ್ನಡದವರು ಹೆಚ್ಚಿರುವ ಮಾನ್ಮತ್ ಜಂಕ್ಷನ್ ಎಂಬ ಊರಿಗೆ ಹೋದೆ.

ಅಲ್ಲಿ ಮೂರು ತಿಂಗಳ ಬಾಣಂತಿಯೊಬ್ಬಳು, ಬೆಂಗಳೂರಿನ ಹುಡುಗಿ, "ಎಲ್ಲಾ ಸೂಪರ್ ಆಗಿತ್ತು ಅಂಕಲ್, ಎಲ್ಲಾದಕ್ಕೂ ಫೈವ್ ಹಾಕ್ಕೊಂಬಿಡಿ" ಎಂದಳು. ನಾನು ಹಾಕಿಕೊಂಡೆ. ಪೆನ್ನು ಜೇಬಿಗೆ ಸೇರಿತು, ಕಾಫಿ ಬಂತು. ಕಾಫಿಯ ಹಿಂದೆಯೇ ಅವಳ ತಾಯಿ ಬಂದರು. "ಹೆತ್ತ ಹೊಟ್ಟೆಗೆ ಐಸ್ ನೀರು ಕೊಟ್ರು ಕಣ್ರೀ. ಲೋಟದ ತುಂಬಾ ಐಸು. ನಾನು ಫ್ಲಾಸ್ಕ್‌ನಲ್ಲಿ ಜೀರಿಗೆ ನೀರು ತಗೊಂಡು ಹೋಗದೇ ಇದ್ದಿದ್ರೆ ಇವಳ ಗತಿ ಏನಾಗ್ತಿತ್ತು?" ಮಗಳೂ ಸೇರಿಕೊಂಡಳು. ಗಡಗಡ ನಡುಗುತ್ತಿದ್ದಳಂತೆ, ಇನ್ನೊಂದು ಕಂಬಳಿ ಕೇಳಲು ನಾಚಿಕೆಯಾಯಿತಂತೆ. "ಮತ್ತೆ ಐದು ಯಾಕಮ್ಮ ಕೊಟ್ಟೆ?" ಎಂದೆ. "ಆ ನರ್ಸ್ ಅಷ್ಟು ಪ್ರೀತಿಯಿಂದ ತಂದ್ಕೊಟ್ರು ಅಂಕಲ್. ಅವರಿಗೆ ಹೇಗೆ ಕಮ್ಮಿ ಹಾಕೋದು?" ಎಂದಳು. ಅವಳ ಮುಖ ನೋಡಿ ನನಗೆ ಸಿಟ್ಟು ಬರಲಿಲ್ಲ. ಸಂಕೋಚದಲ್ಲಿ ನಾನು ಅವಳಿಗಿಂತ ಹಳೆಯ ಹುಲಿ.

ಸೋಮವಾರ ನಿಮಾಲಿಯ ಮುಂದೆ ತಲೆ ತಗ್ಗಿಸಿ ನಿಂತೆ. ಆಕೆ ಬಿದ್ದು ಬಿದ್ದು ನಕ್ಕು, ತನ್ನ ಡಬ್ಬಿಯ ಸಂಬಲ್ ಎಂಬ ಕಾಯಿಚಟ್ನಿ ನನಗೆ ಬಡಿಸಿ, ಒಂದು ಉಪಾಯ ಹೇಳಿದಳು. ನಿಮಗೆ ಹೇಗಿತ್ತು ಎಂದು ಕೇಳಲೇಬಾರದು. ನಿಮ್ಮ ತಂಗಿ ಇದೇ ಆಸ್ಪತ್ರೆಗೆ ಹೆರಿಗೆಗೆ ಹೊರಟರೆ ಏನು ಹೇಳಿ ಕಳಿಸುತ್ತೀರಿ ಎಂದು ಕೇಳಬೇಕು. ಪ್ರತಿ ಅಂಕದ ಕೆಳಗೂ ಎರಡು ಗೆರೆ ಜಾಗ ಬಿಟ್ಟು ಅದನ್ನೇ ಕೇಳಿದೆವು. ಎರಡು ಭಾಷೆಯಲ್ಲೂ ಕಟ್ಟೆ ಒಡೆಯಿತು. ಕಾಲುಚೀಲ ಒಯ್ಯು, ಬಿಸಿನೀರು ನೀನೇ ಕೇಳು, ಚೆನ್ನಾಗಿದ್ದೀನಿ ಅಂತ ಮಾತ್ರ ಅನ್ನಬೇಡ. ತನಗೆ ಬೇಕೆಂದು ಕೇಳಲು ನಾಚುವ ಹೆಂಗಸರು ತಂಗಿಗಾಗಿ ಆಸ್ಪತ್ರೆಯನ್ನೇ ತರಾಟೆಗೆ ತೆಗೆದುಕೊಂಡಿದ್ದರು.

ಕೊನೆಗೆ ಕನ್ನಡ ಸರಾಗವಾಗಿದೆಯೇ ಎಂದು ಯಾರಾದರೂ ಓದಿ, ತುಂಬಿ ನೋಡಬೇಕಿತ್ತು. ನಮ್ಮ ಮನೆಯಲ್ಲಿ ಹೆತ್ತ ಅನುಭವ ಇರುವವಳು ವತ್ಸಲಾ ಒಬ್ಬಳೇ. ಶನಿವಾರ ಮಧ್ಯಾಹ್ನ ಅವಳು ಹೀರೇಕಾಯಿ ಹೆಚ್ಚುವುದನ್ನು ನಿಲ್ಲಿಸಿ, ಕೈ ಒರೆಸಿ, ಕನ್ನಡಕ ಹಾಕಿಕೊಂಡು ಕೂತಳು. ನಾನು ಪತ್ರಿಕೆ ಓದುವ ನಾಟಕ ಹೂಡಿದೆ. ಅವಳು ಅಂಕಗಳನ್ನಷ್ಟೇ ಸುತ್ತುತ್ತಾ ಸರಸರ ಮುಗಿಸಿ ಕಾಗದ ನನ್ನತ್ತ ತಳ್ಳಿದಳು. ಎಲ್ಲಕ್ಕೂ ಐದು. ಹದಿನೇಳಕ್ಕೂ ಐದು. ಅರ್ಧ ನಿಮಿಷ ನನ್ನಷ್ಟು ಸುಖಿ ಅಮೆರಿಕದಲ್ಲೇ ಇರಲಿಲ್ಲ. ಆಮೇಲೆ ನೆನಪಾಯಿತು, ಐದಕ್ಕೆ ಕಿಲುಬು ಕಾಸಿನ ಬೆಲೆಯಿಲ್ಲವೆಂದು ಆ ವಾರವಷ್ಟೇ ನಾನೇ ವರದಿ ಬರೆದುಕೊಟ್ಟಿದ್ದೆ.

"ಕೆಳಗ ಜಾಗ ಬಿಟ್ಟೀನಲ್ಲ, ಅಲ್ಲೂ ಬರೀಬೇಕು," ಎಂದೆ.

"ಹದಿನೇಳಕ್ಕೇನು?" ಅವಳು ಕನ್ನಡಕದ ಮೇಲಿಂದ ನೋಡಿದಳು. "ನೀವು ಅವತ್ತು ನಾಲ್ಕು ಅಂದದ್ದಕ್ಕೇನು?"

ನಾನು ಪತ್ರಿಕೆ ಪಕ್ಕಕ್ಕಿಟ್ಟೆ. "ನಿನಗ ಕೇಳಿಸಿತ್ತೇನು?"

"ನಾನು ಹಡೀಲಿಕ್ಕೆ ಹೋಗಿದ್ದೆ, ಕಿವುಡಿ ಆಗಿದ್ದಿಲ್ಲ."

"ಮತ್ತ ಇಷ್ಟು ವರ್ಷ ಯಾಕ ಬಾಯಿ ಬಿಡಲಿಲ್ಲ?"

"ನಿಮ್ಮ ಮಾರಿ ನೋಡಿದ್ದೆ ನಾನು. ಬೆವತು, ಬೆಳ್ಳಗ ಬಿಳಿಚಿಕೊಂಡು ನಿಂತಿದ್ರಿ. ನಾನು ಹಡೀಲೋ, ನಿಮ್ಮನ್ನ ಸಮಾಧಾನ ಮಾಡ್ಲೋ? ಸಿಟ್ಟು ಭಾಳ ಬಂದಿತ್ತು. ಆಮ್ಯಾಲೆ ಕೂಸು ಬಂತು, ನೀವು ಅದನ್ನ ಎತ್ತಿಕೊಂಡು ಅತ್ರಿ. ಅಲ್ಲಿಗೆ ಹೇಳೋದು ಉಳೀತು."

ನನಗೆ ಅಳು ಬಂದಿತ್ತು. "ತಪ್ಪಾತು ವತ್ಸಲಾ" ಎಂದೆ. ಇಷ್ಟು ಚಿಕ್ಕ ಮಾತನ್ನು ಇಷ್ಟು ವರ್ಷ ಹೊತ್ತು ತಿರುಗಿದ್ದೆನಲ್ಲ ಎಂದು ನಾಚಿಕೆಯಾಯಿತು, ಹಗುರವೂ ಆಯಿತು. ಅವಳು "ಆತಲ್ಲ, ಬಿಡ್ರಿ" ಎಂದು ಪೆನ್ನು ತೆಗೆದುಕೊಂಡು, ಒಂದು ಕ್ಷಣ ಯೋಚಿಸಿ, ಗೆರೆಯ ಮೇಲೆ ದುಂಡಗೆ ಬರೆದಳು: "ತಂಗಿ, ಗಂಡನ್ನ ಒಳಗ ಕರಕೊಂಡು ಹೋಗು. ಕೈ ಹಿಡಕೊಳ್ಳಿಕ್ಕೆ ಬೇಕಾಗ್ತಾನ. ಮಾತು ಮಾತ್ರ ನೀನೇ ಆಡು."

ಸೋಮವಾರ ಎಲ್ಲ ಉತ್ತರಗಳನ್ನೂ, ಓದಿ ನೋಡಿದವಳದ್ದೂ ಸೇರಿ, ಇಂಗ್ಲಿಷಿಗೆ ಇಳಿಸಿ ಡಾಕ್ಟರಮ್ಮನಿಗೆ ಕೊಡಬೇಕಿತ್ತು. ವತ್ಸಲಾಳ ಉತ್ತರಕ್ಕೆ ಬಂದಾಗ, ಇಷ್ಟು ದೊಡ್ಡ ಡಾಕ್ಟರು, ಓದಿ ಏನು ತಿಳಿದಾರು ಅನ್ನಿಸಿತು. "ಗಂಡ ಜೊತೆಗಿದ್ದರೆ ಬಹಳ ಅನುಕೂಲ" ಎಂದಷ್ಟೇ ಬರೆದು ಕಳಿಸಿದೆ.