ಥರ್ಮಾಕೋಲಿನ ಬೀಸುಕಲ್ಲು

ದೇವರಲ್ಲಿ ನಾನು ದೊಡ್ಡದೇನನ್ನೂ ಬೇಡಿದವಳಲ್ಲ. ರೊಟ್ಟಿ ಉಬ್ಬಿದರೆ ಸಾಕು, ನಿನ್ನ ದಯೆ ಶಿವಾ ಎನ್ನುತ್ತೇನೆ. ಅಂದು ಬೆಳಿಗ್ಗೆಯೂ ರೊಟ್ಟಿಯನ್ನೇ ಬಡಿಯುತ್ತಿದ್ದೆ. ಬಾಜೂ ಮನೆಯ ಗಂಗಕ್ಕ ಬಾಗಿಲಲ್ಲೇ ನಿಂತು ಸುದ್ದಿ ಹೇಳಿದಳು: "ಅಕ್ಕಾರ, ಗೋಕಾಕದ ಕಲಾ ಉತ್ಸವಕ್ಕ ಬೀಸೋ ಹಾಡು ಬೇಕಂತ. ನಿಮ್ಮ ಹೆಸರು ಕೊಟ್ಟ ಬಂದೇನಿ." ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಹಾಡು ನನ್ನದಲ್ಲ, ಅವ್ವನದು. ದಡ್ಡಿ ಊರಿನ ತವರುಮನೆಯಲ್ಲಿ ಅವಳು ಬೀಸಲು ಕುಳಿತರೆ ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಕಲ್ಲಿನ ಗುಡುಗು ಒಂದು ಕಿವಿಗೆ, ಹಾಡು ಇನ್ನೊಂದಕ್ಕೆ. ಅವ್ವ ಹೋದ ಮೇಲೆ ಆ ಕಲ್ಲು ನನ್ನ ಮನೆಗೆ ಬಂತು. ಗಿರಣಿ ಹಿಟ್ಟಿಗೆ ಒಗ್ಗಿಹೋದ ನಾನು ಅದನ್ನು ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಾಗಿ ಇಟ್ಟಿದ್ದೆ. ಆದರೆ ಅವ್ವನ ದನಿ ಇನ್ನೊಮ್ಮೆ ಕೇಳಬೇಕು, ನನ್ನ ಗಂಟಲಲ್ಲಿಯಾದರೂ ಸರಿ ಎಂಬ ಆಸೆಯನ್ನು ಯಾರಿಗೂ ಹೇಳಿರಲಿಲ್ಲ.

ಉತ್ಸವಕ್ಕೆ ಹೊರಗಿನ ಆರ್ಕೆಸ್ಟ್ರಾ ಬೇಕೋ, ನಮ್ಮ ಹೆಂಗಸರ ಹಾಡು ಬೇಕೋ ಎಂದು ಚಹಾದಂಗಡಿಗಳಲ್ಲೆಲ್ಲ ವಾದ ನಡೆದಿತ್ತಂತೆ. ನಮ್ಮ ಯಜಮಾನರು ಅದನ್ನು ಮನೆಗೂ ತಂದರು. "ಬೀಸೋ ಹಾಡು ಅಡಿಗಿಮನ್ಯಾಂದು. ಅದಕ್ಕ ಸ್ಟೇಜ್ ಯಾಕ?"

"ಹಂಗಾರ ಡಿಜೆ ಅಷ್ಟ ನಮ್ಮ ಸಂಸ್ಕೃತಿ ಏನ್ರಿ ಅಣ್ಣಾರ?" ಎಂದು ಬಾಗಿಲಲ್ಲಿದ್ದ ಗಂಗಕ್ಕ ಅವರ ಬಾಯಿ ಮುಚ್ಚಿಸಿದಳು.

ಉತ್ಸವದ ದಿನ ಅತಿಥಿಗಳು ನಮ್ಮ ಬೇರು, ನಮ್ಮ ಅಸ್ಮಿತೆ ಎಂದು ಬಹಳ ಹೊತ್ತು ಮಾತನಾಡಿದರು. ಆಮೇಲೆ ನನ್ನನ್ನು ಒಂದು ಬೀಸುಕಲ್ಲಿನ ಮುಂದೆ ಕೂರಿಸಿದರು. ಕಪ್ಪು ಬಣ್ಣ ಬಳಿದ ಥರ್ಮಾಕೋಲು. ಗೂಟ ಹಿಡಿದು ತಿರುವಿದೆ. ಮೇಲಿನ ಕಲ್ಲು ಕೈಯಲ್ಲೇ ಎದ್ದುಬಂತು. ಜನ ನಕ್ಕರು. ಮತ್ತೆ ಇಟ್ಟು ಮೆಲ್ಲಗೆ ತಿರುವಿದೆ. ಭಾರವಿಲ್ಲ, ಗುಡುಗಿಲ್ಲ, ಹಾಡೂ ಇಲ್ಲ. ಮೊದಲ ಸಾಲೇ ನೆನಪಾಗಲಿಲ್ಲ. ಕೊನೆಗೆ ಒಂದು ವಚನ ಹೇಳಿ ಕೈಮುಗಿದು ಇಳಿದೆ. ಅದಾದರೂ ಕೈಬಿಡಲಿಲ್ಲ, ನನ್ನ ಪುಣ್ಯ.

ದಾರಿಯಲ್ಲಿ ನಮ್ಮವರು 'ನಾ ಹೇಳಿದ್ದಿಲ್ಲೇನು' ಎನ್ನಲಿಲ್ಲ. ಅದೂ ಪುಣ್ಯವೇ. ಮನೆಗೆ ಬಂದವರೇ ಹಿತ್ತಲ ಬಾಗಿಲಿನ ಕಲ್ಲನ್ನು ಏದುಸಿರು ಬಿಡುತ್ತಾ ಎಳೆದು ತಂದು ಒರೆಸಿಟ್ಟರು.

"ಏನ್ ಮಾಡಾಕತ್ತೀರಿ?"

"ಕುಂಡ್ರು. ತಿರುವು."

ಪುಟ್ಟ ಬುಟ್ಟಿಯಲ್ಲಿದ್ದ ಜೋಳವನ್ನು ಹಿಡಿ ಹಿಡಿಯಾಗಿ ಹಾಕುತ್ತಾ ತಿರುವಿದೆ. ಕಲ್ಲು ಗುಡುಗಿತು. ತೋಳು ಸೋಲುವ ಹೊತ್ತಿಗೆ ಅವ್ವ ಬಂದಳು, ನನ್ನ ಒಡಕು ದನಿಯಲ್ಲಿ. ಕಣ್ಣು ಮಂಜಾಯಿತು. ಅಷ್ಟರಲ್ಲಿ ಜೋಳ ಮುಗಿದು ಕಲ್ಲು ಬರಿದೇ ಕಿರುಗುಟ್ಟಿತು. ಹಾಡೂ ನಿಂತಿತು.

"ಮುಂದ?" ಎಂದರು.

"ಜೋಳ ತೀರಿತ್ರಿ. ಅವ್ವನ ಹಾಡು ಬುಟ್ಟಿ ತೀರೂ ತನಕ ಅಷ್ಟ."

ಅವರು ಒಳಗೆ ಹೋಗಿ ಚೀಲವನ್ನೇ ಎಳೆದು ತಂದು ಪಕ್ಕದಲ್ಲಿ ಕುಳಿತರು. ಹಿತ್ತಲ ಬಾಗಿಲು ದಬದಬ ಬಡಿಯುತ್ತಿತ್ತು; ಇಬ್ಬರೂ ಏಳಲಿಲ್ಲ. ಹಾಡು ಬಹಳ ದೂರ ಸಾಗಿತು.

ಹಿಟ್ಟು ಮಾತ್ರ ರವೆಯಂತಾಗಿತ್ತು. ಅವ್ವನ ದನಿ ಕೊಟ್ಟ ದೇವರು ಅವಳ ಕೈಯನ್ನೂ ಕೊಡಬೇಕೆಂದರೆ ಹೇಗೆ? ನಾಳೆಯ ರೊಟ್ಟಿ ಉಬ್ಬುವುದಿಲ್ಲ ಶಿವಾ ಎನ್ನುತ್ತಾ, ಜರಡಿ ಹುಡುಕಲು ಎದ್ದೆ.